ಪೆನ್ಸಿಲ್ಲಿನ ತೊಂಬತ್ತೇಳು

೨೦೧೭ನೇ ಇಸವಿಯ ಮಾರ್ಚ್ ಒಂಬತ್ತು, ಗುರುವಾರ, ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನೂರು ಬಾರ್ಲಿ ಕಾಳುಗಳನ್ನು ಎಣಿಸಿ, ಗಾಜಿನ ತಟ್ಟೆಯಲ್ಲಿ ಎರಡು ಪದರ ಸೋಸುಕಾಗದದ ಮೇಲೆ ಸಾಲಾಗಿ ಜೋಡಿಸಿ, ನಾಲ್ಕು ಮಿಲಿಲೀಟರ್ ನೀರು ಹಾಕಿ ಮುಚ್ಚಿದೆ. ತಟ್ಟೆಯನ್ನು ಇಪ್ಪತ್ತು ಡಿಗ್ರಿಯ ಕಪಾಟಿನಲ್ಲಿಟ್ಟೆ. ದಾಖಲೆ ಪುಸ್ತಕ ತೆರೆದು ದಿನಾಂಕ, ಹೊತ್ತು, ರಾಶಿಯ ಸಂಖ್ಯೆ ಬರೆದೆ. ಕೊನೆಯ ಅಂಕಣದಲ್ಲಿ ಪೆನ್ಸಿಲ್ಲಿನಿಂದ ತೊಂಬತ್ತೇಳು ಎಂದು ಬರೆದೆ.

ಆ ಅಂಕಣವನ್ನು ತುಂಬಬೇಕಾದದ್ದು ಎಪ್ಪತ್ತೆರಡು ಗಂಟೆ ಕಳೆದ ಮೇಲೆ. ನೂರು ಕಾಳಿನಲ್ಲಿ ಎಷ್ಟು ಮೊಳೆತವು ಎಂಬ ಲೆಕ್ಕ ಅದು. ಆದರೆ ಆರು ವರ್ಷದಿಂದ ನಮ್ಮ ಬಾರ್ಲಿ ತೊಂಬತ್ತಾರು, ತೊಂಬತ್ತೇಳು, ತೊಂಬತ್ತೆಂಟು ಬಿಟ್ಟು ಆಚೀಚೆ ಹೋದದ್ದಿಲ್ಲ. ಹಾಗಾಗಿ ಮೊದಲ ದಿನವೇ ಪೆನ್ಸಿಲ್ಲಿನಲ್ಲಿ ತೊಂಬತ್ತೇಳು ಬರೆದಿಡುವುದು, ಮೂರನೆಯ ದಿನ ಎಣಿಸಿ ಒಂದು ಹೆಚ್ಚುಕಡಿಮೆ ಇದ್ದರೆ ಅಳಿಸಿ ತಿದ್ದುವುದು, ಇಲ್ಲವಾದರೆ ಅದರ ಮೇಲೆಯೇ ಶಾಯಿ ಎಳೆಯುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಕಾಲೇಜಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಮುಖ ತಿರುಗಿಸುತ್ತಿದ್ದೆ.

ನಮ್ಮದು ಮೂರು ಗೋದಾಮುಗಳ ಧಾನ್ಯದ ವ್ಯಾಪಾರ. ಕೊಳ್ಳುವುದು ಮಾರುವುದು ಅಪ್ಪನ ಕೆಲಸ. ಒಣಗಿಸುವ ಯಂತ್ರ, ಲಾರಿ, ಚೀಲ ಹೊರುವವರು ಅಣ್ಣನ ಪಾಲು. ಸಸ್ಯಶಾಸ್ತ್ರ ಓದಿ ಬಂದ ನನಗೆ ಪರೀಕ್ಷೆಯ ಕೋಣೆ: ಒಂದು ಮೇಜು, ಒಂದು ತಕ್ಕಡಿ, ಒಂದು ಕಪಾಟು, ಪ್ರತಿ ರಾಶಿಯಿಂದಲೂ ಅರ್ಧ ಕಿಲೋ ತೆಗೆದಿಡುವ ಗಾಜಿನ ಜಾಡಿಗಳ ಸಾಲು. ಅಣ್ಣ ನನ್ನನ್ನು ಕರೆಯುತ್ತಿದ್ದದ್ದು ಭೂತಗನ್ನಡಿ ಅಂತ. "ಭೂತಗನ್ನಡಿ ಒಪ್ಪಿದ್ರೆ ಲಾರಿ ಹೊರಡುತ್ತೆ, ಇಲ್ಲಾಂದ್ರೆ ಡ್ರೈವರ್ ಇಲ್ಲೇ ಸಂಸಾರ ಹೂಡ್ಬೇಕು" ಎನ್ನುತ್ತಿದ್ದ. ನನಗೆ ಅದು ಬೈಗುಳವಾಗಿ ಕೇಳಿಸುತ್ತಿರಲಿಲ್ಲ.

ಬಿಯರಿಗೆ ಹೋಗುವ ಬಾರ್ಲಿ ಜೀವಂತವಾಗಿರಬೇಕು. ನೆನೆಸಿ, ಮೊಳಕೆ ಬರಿಸಿ, ಮೊಳಕೆ ಬೆಳೆದುಬಿಡುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸಿದರೆ ಅದು ಮಾಲ್ಟ್. ಮೊಳೆಯುವಾಗಲೇ ಕಾಳಿನೊಳಗಿನ ಗಟ್ಟಿ ಹಿಟ್ಟು ಸಡಿಲವಾಗಿ ಸಕ್ಕರೆಯಾಗಲು ತಯಾರಾಗುವುದು. ಸತ್ತ ಕಾಳಿನಲ್ಲಿ ಅದು ಆಗುವುದಿಲ್ಲ. ಆದರೆ ಸತ್ತ ಕಾಳು ನೋಡುವುದಕ್ಕೆ ಬದುಕಿದ ಕಾಳಿನ ಹಾಗೆಯೇ ಇರುತ್ತದೆ. ಅದೇ ಬಣ್ಣ, ಅದೇ ತೂಕ, ಕಡಿದರೆ ಅದೇ ಸದ್ದು. ಗೊತ್ತಾಗುವುದು ತಟ್ಟೆಯಲ್ಲಿ, ಮೂರನೆಯ ದಿನ.

ಆ ವಾರ ಹಸಿ ಬಾರ್ಲಿಯ ಎರಡು ರಾಶಿ ಒಟ್ಟಿಗೆ ಬಂದು ಒಣಗಿಸುವ ಯಂತ್ರದ ಮುಂದೆ ಬಿದ್ದಿದ್ದವು. ಶುಕ್ರವಾರ ಬೆಳಗ್ಗೆ ಎಣಿಸಿದಾಗ ನಲವತ್ತು ಕಾಳು ಮಾತ್ರ ಬಿಳಿ ತುದಿ ತೋರಿಸಿದ್ದವು. ಮೊದಲ ದಿನಕ್ಕೆ ಅದು ಕಡಿಮೆ. ನೀರು ತಣ್ಣಗಿತ್ತೇನೋ ಅಂದುಕೊಂಡೆ. ಮಧ್ಯಾಹ್ನ ಅಣ್ಣ ಬಾಗಿಲಲ್ಲಿ ನಿಂತ.

"ಈ ಬಾರ್ಲಿಗೆ ನೊರೆಮಾಮನ ಲಾರಿ ಬಂದು ನಿಂತಿದೆ. ಕಾಗದ ಕೊಡು."

"ಭಾನುವಾರ ಆಗ್ಬೇಕು ಕಣೋ."

"ಭಾನುವಾರ ಏನು ಬೇರೆ ಸೂರ್ಯ ಹುಟ್ತಾನಾ? ಪುಸ್ತಕದಲ್ಲಿ ಬರೆದೇ ಇದೆಯಲ್ಲ, ತೊಂಬತ್ತೇಳು."

"ಅದು ಪೆನ್ಸಿಲ್ಲು."

"ಪೆನ್ ಇಲ್ವಾ? ನನ್ನ ಜೇಬಲ್ಲಿದೆ, ತಗೋ."

ನಕ್ಕೆ. ನಗುತ್ತಲೇ ಅವನ ಪೆನ್ನು ತೆಗೆದುಕೊಂಡು ಪೆನ್ಸಿಲ್ಲಿನ ಗೆರೆಯ ಮೇಲೆ ಶಾಯಿ ಎಳೆದೆ. ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ಲಾರಿ ಹೋಯಿತು.

ಭಾನುವಾರ ಯಾರೂ ಇಲ್ಲದ ಗೋದಾಮಿಗೆ ಬಂದು ಬೀಗ ತೆಗೆದು, ಹತ್ತು ಹತ್ತಕ್ಕೆ ಸರಿಯಾಗಿ ತಟ್ಟೆ ಹೊರತೆಗೆದೆ. ಮೊಳೆತದ್ದು ಎಪ್ಪತ್ತೊಂದು. ಎರಡು ಸಲ ಎಣಿಸಿದೆ. ಉಳಿದ ಇಪ್ಪತ್ತೊಂಬತ್ತನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಜೀವವಿರುವ ಭ್ರೂಣವನ್ನು ಕೆಂಪಾಗಿಸುವ ದ್ರಾವಣದಲ್ಲಿ ನೆನೆಸಿಟ್ಟು ಕಾದೆ. ಎರಡು ಕೆಂಪಾದವು. ಇಪ್ಪತ್ತೇಳು ಬಿಳಿಯಾಗಿಯೇ ಉಳಿದವು. ಯಂತ್ರದ ಕೋಣೆಗೆ ಹೋಗಿ ಕಾವಿನ ದಾಖಲೆ ನೋಡಿದೆ. ನಲವತ್ತೈದು ಡಿಗ್ರಿಯಲ್ಲಿ ಒಣಗಬೇಕಿದ್ದ ಹಸಿ ಬಾರ್ಲಿಯನ್ನು ಅಣ್ಣ ಬೇಗ ಮುಗಿಯಲೆಂದು ಅರವತ್ತಕ್ಕೆ ಏರಿಸಿದ್ದ.

ತಟ್ಟೆ ತೊಳೆದು ಒರೆಸಿ ಶೆಲ್ಫಿಗೆ ಸೇರಿಸಿದೆ.

ನೊರೆಮಾಮ ಅಪ್ಪನ ಗೆಳೆಯ. ಚಿಕ್ಕ ಬಿಯರ್ ತಯಾರಕ. ಮೀಸೆಗೆ ನೊರೆ ಹತ್ತದೆ ಅವರನ್ನು ಯಾರೂ ನೋಡಿರಲಿಲ್ಲ, ಹೆಸರು ಹಾಗೆ ಬಂತು. ಕಾರ್ಖಾನೆಯ ಮಾಲ್ಟ್ ತರಿಸದೆ ತಾವೇ ಬಾರ್ಲಿಯನ್ನು ನೆನೆಹಾಕಿ, ಸಿಮೆಂಟಿನ ನೆಲದ ಮೇಲೆ ಒಂದು ಗೇಣು ಎತ್ತರಕ್ಕೆ ಹರಡಿ, ಎಂಟು ಗಂಟೆಗೊಮ್ಮೆ ಮರದ ಸಲಿಕೆಯಿಂದ ಮಗುಚಿ ಮೊಳಕೆ ಬರಿಸುತ್ತಿದ್ದರು. ಅವರ ಕೈಗುಣದ ಬಗ್ಗೆ ಜನ ಮಾತಾಡುತ್ತಿದ್ದರು, ಅವರೂ ಸಂಕೋಚವಿಲ್ಲದೆ ಮಾತಾಡುತ್ತಿದ್ದರು. "ನಾನು ಮುಟ್ಟಿದ್ರೆ ಕಲ್ಲೂ ಬೇರು ಬಿಡುತ್ತೆ ಕಣಮ್ಮ, ಬೇಕಾದ್ರೆ ಒಂದು ಕಲ್ಲು ತಾ" ಎನ್ನುವರು. ನಾನು ಕೆಲಸಕ್ಕೆ ಸೇರಿದ ದಿನ ಉಕ್ಕಿನ ಚಿಮುಟವೊಂದನ್ನು ತಂದು ಕೊಟ್ಟಿದ್ದರು. "ಇದರಲ್ಲಿ ಎಣಿಸು. ನೀನು ಎಣಿಸಿದ್ದನ್ನ ನಾನು ಮತ್ತೆ ಎಣಿಸಲ್ಲ." ಆ ಚಿಮುಟದಿಂದಲೇ ಆ ಭಾನುವಾರವೂ ಎಣಿಸಿದ್ದೆ.

ಅವರು ನೆನೆಹಾಕುವುದು ಬುಧವಾರ ಎಂದು ನನಗೆ ಗೊತ್ತಿತ್ತು. ಸೋಮವಾರ, ಮಂಗಳವಾರ ಪೂರ್ತಿ ಎರಡು ದಿನ ನನ್ನ ಕೈಯಲ್ಲಿದ್ದವು. ಮಾಮ, ಆ ಚೀಲ ಬಿಚ್ಚಬೇಡಿ ಎನ್ನುವುದಕ್ಕೆ ಒಂದು ಫೋನು ಸಾಕಿತ್ತು. ಎರಡು ದಿನವೂ ಫೋನು ಮೇಜಿನ ಮೇಲೆಯೇ ಇತ್ತು. ಅಣ್ಣನನ್ನು ಅಪ್ಪನ ಬಾಯಿಂದ ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕಾವು ಏರಿಸಿದವನು ಅಣ್ಣ. ಎಣಿಸದೆ ಬರೆದವಳು ನಾನು. ಅಣ್ಣನ ತಪ್ಪು ಹೊರಗೆ ಬಂದರೆ ಅದರ ಹಿಂದೆಯೇ ನನ್ನದೂ ಬರುತ್ತಿತ್ತು. ಬುಧವಾರ ಸಂಜೆ, ಇನ್ನು ಹೇಳಿ ಪ್ರಯೋಜನವಿಲ್ಲ ಎನ್ನುವ ಹೊತ್ತಾದಾಗ, ನನಗೆ ಸ್ವಲ್ಪ ನಿರಾಳವಾಯಿತು. ಆ ನಿರಾಳವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೊದಲ ಸಲ ಅವರ ನೆಲದ ಮೇಲೆ ಕಾಳು ತೇಪೆ ತೇಪೆಯಾಗಿ ಮೊಳೆಯಿತು. ಮೊಳೆಯದ್ದು ಬೂಷ್ಟು ಹಿಡಿದು ಒದ್ದೆ ಕಾಲುಚೀಲದ ವಾಸನೆ ಹೊಡೆಯಿತು. ಅವರು ನೀರಿನ ದೋಷವೆಂದು ನೀರು ಬದಲಿಸಿದರು. ಎರಡನೆಯ ಸಲವೂ ಅದೇ. ನೆಲ ಕೆರೆದು ಸುಣ್ಣ ಬಳಿದು ಮೂರನೆಯ ಸಲ ಮಾಡಿದರು. ಬಂದದ್ದರಲ್ಲಿ ಬಿಯರ್ ಮಾಡಿದರೆ ಅದು ಸೋಸುವುದಕ್ಕೇ ಬರಲಿಲ್ಲ. ಮಂದವಾಗಿ, ಕೆಸರಿನಂತೆ, ಹುಳಿ ಹುಳಿಯಾಗಿ ಬಂತು. ಹದಿನೆಂಟು ವರ್ಷ ಅವರಲ್ಲಿಯೇ ಕುಡಿದ ಗಿರಾಕಿಯೊಬ್ಬ ಲೋಟ ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಕುಡಿಯೋದಾ, ಚಮಚ ಕೊಡ್ತೀರಾ?" ಎಂದನಂತೆ.

ಮೇ ತಿಂಗಳಲ್ಲಿ ಅವರು ನಮ್ಮ ಆಫೀಸಿಗೆ ಬಂದರು. ಕೈಯಲ್ಲೊಂದು ತಟ್ಟೆ, ಅದರಲ್ಲಿ ಅರ್ಧ ಮೊಳೆತ ಅರ್ಧ ಕೊಳೆತ ಬಾರ್ಲಿ. ಅಪ್ಪನ ಮುಂದೆ ಇಟ್ಟರು.

"ಕಾಳೇನಾದ್ರೂ ಕೈ ಕೊಟ್ಟಿತಾ ನೋಡು ಅಂತ ತಂದೆ."

ಅಪ್ಪ ಕಡತ ತೆಗೆದು ಪ್ರಮಾಣಪತ್ರದ ಪ್ರತಿ ತೋರಿಸಿದರು. ತೊಂಬತ್ತೇಳು. ಕೆಳಗೆ ನನ್ನ ಸಹಿ. ನೊರೆಮಾಮ ಕನ್ನಡಕ ಏರಿಸಿ ಸಹಿಯನ್ನು ನೋಡಿದರು, ಆಮೇಲೆ ಎದ್ದು ನಿಂತಿದ್ದ ನನ್ನನ್ನು ನೋಡಿದರು.

"ಇವಳು ಬರೆದಿದ್ದಾಳೆ ಅಂದ್ಮೇಲೆ ಮುಗೀತು. ಹಾಗಾದ್ರೆ ನಂದೇ."

"ಏನು ನಿಂದು?"

"ಕೈ," ಎಂದರು. ತಟ್ಟೆ ಎತ್ತಿಕೊಂಡು ಹೋದರು. ಅವರಿಗೆ ಕುಡಿಯಲು ನೀರು ಬೇಕೇ ಎಂದೂ ನಾನು ಕೇಳಲಿಲ್ಲ.

ಆಗಸ್ಟಿನಲ್ಲಿ ಅವರು ಬಾಗಿಲು ಹಾಕಿದರು. ಬಿಚ್ಚದೆ ಉಳಿದ ಅರವತ್ತು ಚೀಲ ನಮಗೆ ವಾಪಸು ಬಂತು. ನಮ್ಮ ಬಿಯರ್ ಹುಟ್ಟಿದ್ದು ಅಲ್ಲಿಂದ. ಅಪ್ಪ ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ಒಂದು ದಿನ ಬೆಳಗ್ಗೆ ಎದ್ದವರೇ, "ಮೂರನೇ ಗೋದಾಮು ಅರ್ಧ ಖಾಲಿ ಇದೆ. ಅವನ ಪಾತ್ರೆಪಗಡ ಎಲ್ಲ ಇಲ್ಲಿಗೆ ತರ್ಸೋಣ. ಅವನು ಮಾಡ್ಲಿ, ನಾವು ನಮ್ಮ ಹೆಸರಲ್ಲಿ ಮಾರೋಣ" ಎಂದರು.

"ನಮಗ್ಯಾಕೆ ಬಿಯರು? ನಾವು ಚೀಲದೋರು," ಅಂದ ಅಣ್ಣ.

"ಕಾಳಿಗೇನು, ಚೀಲದಲ್ಲೂ ಇರುತ್ತೆ, ಬಾಟ್ಲಲ್ಲೂ ಇರುತ್ತೆ. ಅವನು ಸುಮ್ನೆ ಮನೇಲಿ ಕೂತ್ರೆ ಆರು ತಿಂಗಳು ಉಳಿಯಲ್ಲ."

ನೊರೆಮಾಮ ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಬಂದರು. ಬಂದ ದಿನವೇ ಷರತ್ತು ಹಾಕಿದರು. ಮೊಳಕೆ ಬರಿಸುವ ಕೆಲಸ ಮಾಡುವುದಿಲ್ಲ, ಮಾಲ್ಟನ್ನು ಕಾರ್ಖಾನೆಯಿಂದ ತರಿಸಬೇಕು. ಬಿಯರಿಗೆ ಯೀಸ್ಟನ್ನು ಬೇರೆಯವರು ಬೆರೆಸಬೇಕು. ತಮ್ಮ ಕೈಗೆ ಯಾವಾಗಲೂ ರಬ್ಬರ್ ಗವಸು. "ಜೀವ ಇರೋದನ್ನ ನಾನು ಮುಟ್ಟಲ್ಲ" ಎಂದರು, ಹವಾಮಾನದ ಬಗ್ಗೆ ಹೇಳುವ ದನಿಯಲ್ಲಿ.

ಉಳಿದ ಅರವತ್ತು ಚೀಲಕ್ಕೆ ದಾರಿ ಕಂಡುಹಿಡಿದವರೂ ಅವರೇ. ಕಬ್ಬಿಣದ ಡ್ರಮ್ಮಿನಲ್ಲಿ ಬಾರ್ಲಿಯನ್ನು ಕಾಫಿ ಬೀಜದಷ್ಟು ಕಪ್ಪಾಗಿ ಹುರಿದು, ಕಾರ್ಖಾನೆಯ ಮಾಲ್ಟಿಗೆ ಹತ್ತರಲ್ಲೊಂದು ಪಾಲು ಬೆರೆಸಿ ಕಪ್ಪು ಬಿಯರ್ ಮಾಡಿದರು. ಹುರಿಯುವ ಕಾಳಿಗೆ ಜೀವ ಬೇಕಿಲ್ಲ. "ಹುರಿಯೋದಕ್ಕೆ ಕೈಗುಣ ಬೇಡ, ಗಡಿಯಾರ ಸಾಕು." ಕಾಳು ಸಿಡಿಯುವ ಸದ್ದಿಗೆ ಕಿವಿಗೊಟ್ಟು, ಹೊಗೆಯ ಬಣ್ಣ ನೋಡಿ, ಇನ್ನು ಎರಡು ನಿಮಿಷ ಎಂದರೆ ಎರಡೇ ನಿಮಿಷ. ಗಡಿಯಾರದ ಕಡೆ ಅವರು ನೋಡಿದ್ದನ್ನು ನಾನು ಕಂಡಿಲ್ಲ.

ಆ ಬಿಯರ್ ಚೆನ್ನಾಗಿತ್ತು. ಸುತ್ತಲಿನ ಎರಡು ಮೂರು ಹೋಟೆಲಿನವರು ಪೀಪಾಯಿ ಲೆಕ್ಕದಲ್ಲಿ ಒಯ್ಯತೊಡಗಿದರು. ಎರಡು ವರ್ಷ ತುಂಬುವ ಮೊದಲೇ ಅಪ್ಪ ಬಾಟಲಿಗೆ ತುಂಬಿಸಿ ಹೆಸರಿಟ್ಟು ಮಾರುಕಟ್ಟೆಗೆ ಬಿಡಲು ಹೊರಟರು. ಹೆಸರಿನ ಚರ್ಚೆಗೆ ಎಲ್ಲರೂ ಆಫೀಸಿನಲ್ಲಿ ಕೂತಿದ್ದೆವು.

"ಮೂರು ಗೋದಾಮು," ಎಂದ ಅಣ್ಣ.

"ಇಲಿಬೋನಿನ ಕಂಪನಿ ಹೆಸರಿದ್ದಂಗಿದೆ," ಎಂದರು ನೊರೆಮಾಮ.

ಅಪ್ಪ ನನ್ನ ಕಡೆ ತಿರುಗಿ ನಕ್ಕರು. "ನಾನು ಆಗ್ಲೇ ಇಟ್ಟಾಯ್ತು. ತೊಂಬತ್ತೇಳು. ನಮ್ಮ ಕಾಳು ನೂರಕ್ಕೆ ತೊಂಬತ್ತೇಳು ಮೊಳೆಯುತ್ತೆ. ಊರಲ್ಲಿ ಇನ್ಯಾರಿಗಿದೆ ಆ ಗತ್ತು? ಇದು ನನ್ನ ಮಗಳ ನಂಬರು."

ನೊರೆಮಾಮ ಗವಸಿನ ಕೈಯಿಂದ ಮೇಜು ತಟ್ಟಿ ಒಪ್ಪಿದರು. ನಾನು ಜಾಡಿಗಳ ಧೂಳು ಒರೆಸಬೇಕೆಂದು ಎದ್ದು ಹೋದೆ. ಆ ರಾಶಿಯ ಜಾಡಿ ಇನ್ನೂ ಇತ್ತು. ಒಂದು ವರ್ಷದ ನಂತರ ಚೆಲ್ಲಬೇಕೆಂಬುದು ನಿಯಮ. ಪ್ರತಿ ಸಲ ಕಪಾಟು ಖಾಲಿ ಮಾಡುವಾಗಲೂ ಅದನ್ನು ಎತ್ತಿ ಹಿಂದಿನ ಸಾಲಿಗೆ ಸರಿಸುತ್ತಿದ್ದೆ. ಚೆಲ್ಲುವ ಧೈರ್ಯವೂ ಇರಲಿಲ್ಲ, ಯಾರಿಗಾದರೂ ತೋರಿಸುವ ಧೈರ್ಯವೂ ಇರಲಿಲ್ಲ.

ಬಾಟಲಿಯ ಹಿಂಭಾಗದ ಲೇಬಲ್ಲಿಗೆ ನಾಲ್ಕು ಸಾಲು ಬರೆಯುವ ಕೆಲಸ ನನಗೇ ಬಂತು. ಓದಿದವಳು ನಾನಲ್ಲವೇ. 'ಧಾನ್ಯದ ಮನೆಯೊಂದು ಗೆಳೆಯನೊಬ್ಬನ ಕೈ ಹಿಡಿದ ಕಥೆ' ಎಂದು ಶುರು ಮಾಡಿದೆ. ಅಪ್ಪನಿಗೆ ಬಹಳ ಹಿಡಿಸಿತು, ಅಚ್ಚಿಗೆ ಕಳಿಸಿಯೇಬಿಟ್ಟರು. ೨೦೧೯ರ ಜೂನ್ ಎರಡು, ಭಾನುವಾರ, ಅದರ ಪ್ರತಿ ತೋರಿಸಲು ನೊರೆಮಾಮನ ಮನೆಗೆ ಹೋದೆ. ಅವರು ಸ್ನಾನಕ್ಕೆ ಹೋಗಿದ್ದರು. ಅತ್ತೆ ಮೆಟ್ಟಿಲ ಮೇಲೆ ಕೂತು ಕುಂಡಗಳಿಗೆ ಹೂವಿನ ಬೀಜ ಹಾಕುತ್ತಿದ್ದರು. ಆ ಕುಂಡಗಳು ಮೊದಲು ನೊರೆಮಾಮನವಾಗಿದ್ದವು. ಅತ್ತೆಗೆ ಗಿಡದ ಹುಚ್ಚಿರಲಿಲ್ಲ.

"ನೀವ್ಯಾವಾಗ ತೋಟಗಾರರಾದ್ರಿ ಅತ್ತೆ?"

"ಅಯ್ಯೋ, ನಿಮ್ಮ ಮಾಮಂದೇ ಪೀಕಲಾಟ. ಮಣ್ಣು ತಂದು ಹದ ಮಾಡಿ ಕೊಡ್ತಾರೆ, ಬೀಜ ಮಾತ್ರ ಮುಟ್ಟಲ್ಲ. ನೀನೇ ಹಾಕು, ನನ್ನ ಕೈ ತಾಗಿದ್ರೆ ಏಳಲ್ಲ ಅಂತ, ಅಲ್ಲಿ ಆ ಕಂಬದ ಹತ್ರ ಹೋಗಿ ನಿಂತ್ಕೋತಾರೆ. ನಾನು ಹಾಕಿ ಮುಗಿಸೋವರೆಗೂ ಹತ್ರ ಬರಲ್ಲ. ಮೊದಲು ತಮಾಷೆ ಅಂದ್ಕೊಂಡೆ." ಅವರು ಬೆರಳಿನ ಮಣ್ಣು ಒರೆಸಿಕೊಂಡರು. "ಮೊನ್ನೆ ಮಗಳ ಮಗು ನೋಡೋಕೆ ಹೋಗಿದ್ವಿ. ಎತ್ಕೊಳ್ಳಿ ಅಂದ್ರೆ ಜೇಬಿಂದ ಕೈ ತೆಗೀಲಿಲ್ಲ."

ಲೇಬಲ್ಲಿನ ಪ್ರತಿಯನ್ನು ಅಲ್ಲಿಯೇ ಇಟ್ಟು, ಅವರು ಸ್ನಾನ ಮುಗಿಸಿ ಬರುವ ಮೊದಲು ಎದ್ದುಬಂದೆ.

ಮರುದಿನ ಸೋಮವಾರ ಹನ್ನೊಂದು ಗಂಟೆಗೆ ಮೂರನೇ ಗೋದಾಮಿಗೆ ಹೋದೆ. ಅವರು ಒಬ್ಬರೇ ಹುರಿಯುತ್ತಿದ್ದರು. ಡ್ರಮ್ಮು ತಿರುಗುತ್ತಿತ್ತು. ನಾನು ಏನೇನೋ ಪೀಠಿಕೆ ಸಿದ್ಧಮಾಡಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ.

"ಮಾಮ, ಆ ರಾಶಿ ತೊಂಬತ್ತೇಳು ಇರ್ಲಿಲ್ಲ."

"ಯಾವ ರಾಶಿ?"

"ನಿಮ್ಮ ಕೊನೇದು. ಈಗ ಹುರೀತಿದ್ದೀರಲ್ಲ, ಇದೇ."

ಅವರು ಡ್ರಮ್ಮಿನಿಂದ ಕಣ್ಣು ತೆಗೆಯಲಿಲ್ಲ. "ಎಷ್ಟಿತ್ತು?"

"ಎಪ್ಪತ್ತೊಂದು. ಯಂತ್ರದಲ್ಲಿ ಕಾವು ಜಾಸ್ತಿಯಾಗಿ ಸತ್ತಿತ್ತು. ನಾನು ಎಣಿಸೋಕೆ ಮುಂಚೆನೇ ಬರೆದುಬಿಟ್ಟಿದ್ದೆ."

"ಎಣಿಸಿದ್ದು ಯಾವಾಗ?"

"ಭಾನುವಾರ. ನೀವು ನೆನೆಹಾಕೋದಕ್ಕೆ ಮೂರು ದಿನ ಮುಂಚೆ."

ಅವರು ಕಿವಿ ಓರೆಮಾಡಿ ಡ್ರಮ್ಮಿನ ಸದ್ದು ಕೇಳಿದರು. "ಇನ್ನು ಒಂದೂವರೆ ನಿಮಿಷ ಇದೆ, ತಡಿ," ಎಂದರು. ನಾನು ನಿಂತೆ. ನನ್ನ ಬದುಕಿನ ಅತಿ ಉದ್ದದ ಒಂದೂವರೆ ನಿಮಿಷ ಅದು. ಆಮೇಲೆ ಉರಿ ಆರಿಸಿ, ಕಪ್ಪು ಕಾಳನ್ನು ಜಾಲರಿಯ ಮೇಲೆ ಸುರಿದು, ಹರಡಿ, ಫ್ಯಾನು ಹಾಕಿ ನನ್ನ ಕಡೆ ತಿರುಗಿದರು.

"ನನ್ನ ಹೆಂಡತಿ ಬೀಜ ಹಾಕುವಾಗ ನಾನು ದೂರ ನಿಂತ್ಕೋತೀನಿ. ನಿನಗೆ ಗೊತ್ತಾ?"

"ನಿನ್ನೆ ಗೊತ್ತಾಯ್ತು."

"ಗೊತ್ತಾಗದೇ ಇದ್ದಿದ್ರೆ?"

ಜಾಲರಿಯಿಂದ ನೆಲಕ್ಕೆ ಬಿದ್ದಿದ್ದ ಕಾಳೊಂದನ್ನು ಎತ್ತಿ ಮತ್ತೆ ಜಾಲರಿಗೆ ಹಾಕಿದೆ.

"ಎರಡು ವರ್ಷ," ಎಂದರು. ದನಿ ಏರಲಿಲ್ಲ. "ನಿಮ್ಮಪ್ಪ ನನಗೆ ಅನ್ನ ಹಾಕ್ತಿದ್ದಾನೆ ಅಂತ ನಾನು ತಲೆ ತಗ್ಗಿಸಿ ಈ ಬಾಗಿಲಲ್ಲಿ ಓಡಾಡಿದ್ದೀನಿ. ನೀನು ದಿನಾ ಬೆಳಗ್ಗೆ ನಮಸ್ಕಾರ ಮಾಮ ಅಂತಿದ್ದೆ."

"ಹೌದು."

"ಒಂದು ದಿನನಾದ್ರೂ ಅನ್ನದೇ ಇರ್ಬೇಕಿತ್ತು. ನನಗೆ ಏನೋ ಸುಳಿವಾದ್ರೂ ಸಿಕ್ತಿತ್ತು."

ಕ್ಷಮಿಸಿ ಎನ್ನಲು ಹೋದೆ. ಅವರು ಗವಸಿನ ಕೈ ಎತ್ತಿ ತಡೆದರು.

"ಅದನ್ನ ನಿನ್ನ ಹತ್ರನೇ ಇಟ್ಕೋ. ನೀನು ಬರೆದಿದ್ದನ್ನ ನಂಬಿ ಒಂದು ಸಲ ಆಯ್ತು, ಈಗ ಬಾಯಲ್ಲಿ ಹೇಳಿದ್ದನ್ನೂ ನಂಬು ಅಂತೀಯಾ? ನನ್ನ ಮನಸ್ಸಿನ ಸಮಾಧಾನಕ್ಕೆ ಹೇಳ್ತಿದ್ದೀಯೋ ಏನೋ ನನಗೇನು ಗೊತ್ತು. ಜಾಡಿ ಇದೆಯಾ?"

"ಇದೆ."

"ನಡಿ."

ಪರೀಕ್ಷೆಯ ಕೋಣೆಯಲ್ಲಿ ಅವರು ಗವಸು ಕಳಚಿದರು. ಎರಡು ವರ್ಷ ಬಿಸಿಲು ಕಾಣದ ಕೈ, ನೀರಿನಲ್ಲಿ ಬಹಳ ಹೊತ್ತು ಇದ್ದಂತೆ ಬೆಳ್ಳಗಿತ್ತು. ಎರಡು ತಟ್ಟೆ ಕೇಳಿದರು. ಒಂದರಲ್ಲಿ ಆ ಜಾಡಿಯ ನೂರು ಕಾಳು, ಇನ್ನೊಂದರಲ್ಲಿ ಈ ವರ್ಷದ ಹೊಸ ರಾಶಿಯ ನೂರು. ಯಾಕೆ ಎರಡು ಎಂದು ನಾನು ಕೇಳಬೇಕಾಗಲಿಲ್ಲ. ದೋಷ ಕಾಳಿನದಾದರೆ ಒಂದು ಸೋಲುತ್ತದೆ, ಕೈಯದಾದರೆ ಎರಡೂ. ಯಾವ ಕಾಲೇಜಿಗೂ ಹೋಗದೆ ಅವರು, ನಾನು ಮಾಡಬೇಕಿದ್ದ ಪ್ರಯೋಗವನ್ನು ಮಾಡುತ್ತಿದ್ದರು. ಚಿಮುಟ ಮುಂದಿಟ್ಟೆ, ಅವರು ಮುಟ್ಟಲಿಲ್ಲ. ಇನ್ನೂರು ಕಾಳನ್ನೂ ಒಂದೊಂದಾಗಿ ಬೆರಳಿನಿಂದಲೇ ಎತ್ತಿಟ್ಟರು. ಮುಗಿದಾಗ ಹನ್ನೊಂದು ಐವತ್ತು.

"ಪೆನ್ಸಿಲ್ಲು ಮುಟ್ಟಬೇಡ," ಎಂದರು. "ನಿಮ್ಮಪ್ಪನಿಗೆ ನೀನೇ ಹೇಳು. ಗುರುವಾರ ಎಲ್ಲರೂ ಇಲ್ಲಿರ್ಲಿ."

ಅಂದು ಸಂಜೆ ಊಟದ ಮೇಜಿನಲ್ಲಿ ಹೇಳಿದೆ. ಅಪ್ಪ ಕೇಳಿ ಮುಗಿಸಿ, "ಲೇಬಲ್ ಅಚ್ಚಾಗಿಹೋಗಿದೆಯಲ್ಲೇ," ಎಂದರು. ಆಮೇಲೆ ತಾವು ಆಡಿದ ಮಾತು ತಮಗೇ ಕೇಳಿಸಿದವರಂತೆ ಮುಖ ಕೆಳಗೆ ಹಾಕಿದರು. ಅಣ್ಣ, "ಹದಿನೈದೇ ಡಿಗ್ರಿ ಕಣೇ ನಾನು ಏರಿಸಿದ್ದು," ಎಂದ. ತಟ್ಟೆ ಪಕ್ಕಕ್ಕೆ ಸರಿಸಿ, "ನನಗ್ಯಾಕೆ ಹೇಳಲಿಲ್ಲ?" ಎಂದ. ಅವತ್ತಿನಿಂದ ಅವನು ನನ್ನನ್ನು ಭೂತಗನ್ನಡಿ ಎಂದು ಕರೆದಿಲ್ಲ.

ಗುರುವಾರದವರೆಗೆ ನೊರೆಮಾಮ ಎಂದಿನಂತೆ ಬಂದರು, ಹೋದರು. ನಾನು ನಮಸ್ಕಾರ ಹೇಳಲಿಲ್ಲ. ಮಂಗಳವಾರ ಮತ್ತು ಬುಧವಾರ ಹನ್ನೊಂದು ಐವತ್ತಕ್ಕೆ ಅವರು ನೇರ ಪರೀಕ್ಷೆಯ ಕೋಣೆಗೆ ಬಂದು, ತಟ್ಟೆ ಹೊರತೆಗೆದು, ಮೊಳೆತ ಕಾಳನ್ನು ಬೇರೆ ಬೇರೆ ಬಟ್ಟಲಿಗೆ ತೆಗೆದಿಟ್ಟು, ನನ್ನ ಕಡೆ ನೋಡದೆ ಮುಚ್ಚಿಟ್ಟು ಹೋದರು. ಬಟ್ಟಲಿನ ಲೆಕ್ಕ ನನಗೆ ಕಣ್ಣಳತೆಯಲ್ಲಿಯೇ ತಿಳಿಯುತ್ತಿತ್ತು. ಎಣಿಸಲಿಲ್ಲ.

ಗುರುವಾರ, ಜೂನ್ ಆರು. ಅಪ್ಪ ಕುರ್ಚಿಯಲ್ಲಿ, ಅಣ್ಣ ಬಾಗಿಲಿಗೆ ಒರಗಿ. ನೊರೆಮಾಮ ಹೊಸ ರಾಶಿಯ ತಟ್ಟೆಯನ್ನು ಮೊದಲು ತೆಗೆದರು. ಕೊನೆಯ ಕಾಳುಗಳನ್ನೂ ಬಟ್ಟಲಿಗೆ ಸೇರಿಸಿ, ಎಲ್ಲವನ್ನೂ ಮೇಜಿನ ಮೇಲೆ ಹತ್ತತ್ತರ ಗುಂಪು ಮಾಡಿ ಎಣಿಸಿದರು. ತೊಂಬತ್ತೆಂಟು. ಅವರು ತಮ್ಮ ಬಲಗೈಯನ್ನು ಮಗುಚಿ ಅಂಗೈ ನೋಡಿದರು, ಮತ್ತೆ ಮಗುಚಿ ಹಿಂಬದಿ ನೋಡಿದರು.

"ಈ ರಾಶಿ ಯಾವ ಸಾಲಿನಲ್ಲಿದೆ?" ಎಂದು ಅಣ್ಣನನ್ನು ಕೇಳಿದರು.

"ಎರಡನೇ ಗೋದಾಮು, ಕಿಟಕಿ ಪಕ್ಕ."

"ಹತ್ತು ಚೀಲ ಬೇರೆ ಇಡು. ನಾನು ನೆನೆಹಾಕ್ತೀನಿ. ಮೂರನೇ ಗೋದಾಮಿನ ನೆಲ ಕೆರೆಸಬೇಕು."

ಅಪ್ಪ ಕುರ್ಚಿಯಿಂದ ಎದ್ದರು. "ಹೆಸರು ಬದಲಿಸೋಣ ಕಣೋ," ಎಂದರು. "ಲೇಬಲ್ ಎಲ್ಲ ಸುಟ್ಟುಹಾಕ್ತೀನಿ."

"ಅದು ನಿನ್ನ ಬಿಯರು. ಏನು ಬೇಕಾದ್ರೂ ಕರೆ. ಹಿಂದಿನ ಕಥೆ ಮಾತ್ರ ತೆಗೆಸು. ನನ್ನ ಕೈ ಯಾರೂ ಹಿಡೀಲಿಲ್ಲ." ಅವರು ಎರಡನೆಯ ತಟ್ಟೆಯನ್ನೂ ಅದರ ಬಟ್ಟಲನ್ನೂ ನನ್ನ ಮುಂದೆ ತಳ್ಳಿದರು. ಅದರ ಪಕ್ಕ ಚಿಮುಟ ಇಟ್ಟರು. "ಇದನ್ನ ನೀನು ಎಣಿಸು. ಬಾಯಿ ಬಿಟ್ಟು."

ಚಿಮುಟ ಹಿಡಿದು ಒಂದರಿಂದ ಶುರು ಮಾಡಿದೆ. ಹತ್ತು ಆದಾಗ ಅವರು ತಲೆಯಾಡಿಸಿದರು. ಇಪ್ಪತ್ತಕ್ಕೆ, ಮೂವತ್ತಕ್ಕೆ. ನಲವತ್ತರ ಹತ್ತಿರ ಲೆಕ್ಕ ತಪ್ಪಿ ಮತ್ತೆ ಮೂವತ್ತರಿಂದ ಶುರು ಮಾಡಿದೆ. ಅವರು ಕಾದರು, ಸಹಾಯ ಮಾಡಲಿಲ್ಲ. ಬಟ್ಟಲು ಖಾಲಿಯಾದ ಮೇಲೆ ತಟ್ಟೆಯಲ್ಲಿ ಉಳಿದ ಕಾಳುಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದೆ. ಕೆಲವು ಉಬ್ಬಿದ್ದವು, ಕೆಲವಕ್ಕೆ ಬೂಷ್ಟಿನ ಬೂದು ಕೂದಲು ಬಂದಿತ್ತು, ಒಂದಕ್ಕೂ ಬಿಳಿ ತುದಿ ಇರಲಿಲ್ಲ. ಎರಡು ವರ್ಷ ಜಾಡಿಯಲ್ಲಿದ್ದ ಕಾಳು ಎರಡು ಮೂರು ಅಂಕ ಕಳೆದುಕೊಳ್ಳುವುದು ಸಹಜ ಎಂದು ಹೇಳಬಹುದಿತ್ತು. ಹೇಳಲಿಲ್ಲ.

೨೦೧೭ರ ದಾಖಲೆ ಪುಸ್ತಕ ತೆರೆದೆ. ಮಾರ್ಚ್ ಒಂಬತ್ತರ ಸಾಲಿನ ತೊಂಬತ್ತೇಳರ ಮೇಲೆ ಒಂದೇ ಗೆರೆ ಎಳೆದೆ, ಕೆಳಗಿನ ಅಂಕೆ ಕಾಣುವಂತೆ. ಪಕ್ಕದಲ್ಲಿ ಅಂದಿನ ಭಾನುವಾರದ ಎಪ್ಪತ್ತೊಂದನ್ನು ಬರೆದೆ. ಅದರ ಕೆಳಗೆ ಹೊಸ ದಿನಾಂಕ, ಹೊತ್ತು, ಮತ್ತು ಶಾಯಿಯಲ್ಲಿ, ಎಲ್ಲರೂ ನೋಡುತ್ತಿರುವಾಗ: ನೂರು ಕಾಳು, ಎಪ್ಪತ್ತೆರಡು ಗಂಟೆ, ಇಪ್ಪತ್ತು ಡಿಗ್ರಿ. ಮೊಳೆತದ್ದು ಅರವತ್ತೆಂಟು.